ಮೊದಲ ಡ್ರಿಪ್‌ಗೂ ಮುಂಚೆ ಕೇಳಬೇಕಿದ್ದ ಪ್ರಶ್ನೆ

ನಾನು ಕೀಮೋ ವಾರ್ಡಿನಲ್ಲಿ ನರ್ಸ್. ಕೆಲಸಕ್ಕೆ ಸೇರಿದ ಹೊಸದು. ಲಿಂಫೋಮಾ ಅನ್ನುವ ಕ್ಯಾನ್ಸರ್ ಬಂದಿದ್ದ ಒಬ್ಬ ಹುಡುಗ, ಇನ್ನೂ ಮದುವೆ ಆಗಿರಲಿಲ್ಲ. ಮೂರನೇ ಸೈಕಲ್‌ಗೆ ಸೂಜಿ ಹಾಕುವಾಗ ಮೆಲ್ಲಗೆ ಕೇಳಿದ: "ಸಿಸ್ಟರ್, ನನಗೆ ಮುಂದೆ ಮಕ್ಕಳಾಗುತ್ತವಾ?"

ಕೂದಲು ಉದುರುತ್ತೆ, ವಾಂತಿ ಬರುತ್ತೆ, ಬಾಯಿ ಹುಣ್ಣಾಗುತ್ತೆ ಅಂತ ಎಲ್ಲ ಹೇಳಿದ್ದೆ. ಕೀಮೋದಿಂದ ಮಕ್ಕಳಾಗುವ ಶಕ್ತಿಯೂ ಹೋಗಬಹುದು ಅನ್ನುವುದೊಂದನ್ನು ಬಿಟ್ಟಿದ್ದೆ. ಡಾಕ್ಟರ್ ಹೇಳಿರುತ್ತಾರೆ ಅಂತ ನಾನು, ನರ್ಸ್ ಹೇಳಿರುತ್ತಾಳೆ ಅಂತ ಅವರು. ಅವನ ಅಮ್ಮ ಬೇರೆ ಸದಾ ಪಕ್ಕದಲ್ಲೇ ಇರುತ್ತಿದ್ದರು. ನಿಜ ಹೇಳಬೇಕೆಂದರೆ, ನನಗೇ ಸಂಕೋಚ.

ಕೀಮೋಗೆ ಮುಂಚೆಯೇ ವೀರ್ಯವನ್ನೋ ಅಂಡಾಣುವನ್ನೋ ತೆಗೆದಿಡಬಹುದು. ಗಂಡಸರದ್ದು ಒಂದೆರಡು ದಿನದ ಕೆಲಸ. ವೀರ್ಯದ ಸ್ಯಾಂಪಲ್ ಕೊಟ್ಟರೆ ಸಾಕು, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ವರ್ಷಗಟ್ಟಲೆ ಇಡಬಹುದು. ಕೀಮೋ ಶುರುವಾದ ಮೇಲೆ ಮಾತ್ರ ಬೇಡ ಅನ್ನುತ್ತಾರೆ, ವೀರ್ಯಾಣುವಿನ ಡಿಎನ್‌ಎಗೇ ಏಟು ಬಿದ್ದಿರಬಹುದು. ಅವನಿಗೆ ಆ ಒಂದೆರಡು ದಿನ ಖಂಡಿತ ಸಿಗುತ್ತಿತ್ತು. ಟ್ರೀಟ್‌ಮೆಂಟ್ ಮುಗಿದ ಮೇಲೆ ಕೆಲವರಲ್ಲಿ ತಾನಾಗೇ ಸರಿಹೋಗುತ್ತೆ, ಪರೀಕ್ಷೆ ಮಾಡಿಸೋಣ ಅಂದೆ. ತಲೆಯಾಡಿಸಿದ. ಮುಖ ನೋಡಲಿಲ್ಲ.

ಹೆಣ್ಣುಮಕ್ಕಳಿಗೆ ಸುಮಾರು ಎರಡು ವಾರ ಬೇಕು. ದಿನಾ ಹಾರ್ಮೋನ್ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್, ಆಮೇಲೆ ಅಂಡಾಣು ತೆಗೆದು ಫ್ರೀಜ್ ಮಾಡುತ್ತಾರೆ. ಮುಟ್ಟಾಗುವವರೆಗೆ ಕಾಯಬೇಕು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಬೇಕಿಲ್ಲ, ಯಾವ ದಿನವಾದರೂ ಶುರು ಮಾಡಬಹುದು. ಸ್ತನ ಕ್ಯಾನ್ಸರ್ ಇದ್ದವರಿಗೆ ಈಸ್ಟ್ರೋಜನ್ ಜಾಸ್ತಿ ಏರದಂತೆ ಲೆಟ್ರೋಜೋಲ್ ಮಾತ್ರೆ ಕೊಡುತ್ತಾರೆ. ಆಪರೇಷನ್ ಆಗಿ ಕೀಮೋ ಶುರುವಾಗುವ ಮಧ್ಯೆ ಎಷ್ಟೋ ಸಲ ಈ ಎರಡು ವಾರ ಸುಮ್ನೆ ಕಳೆದುಹೋಗುತ್ತೆ. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಅಷ್ಟು ಕಾಯಲು ಆಗುವುದೇ ಇಲ್ಲ, ಅದು ಬೇರೆ ಮಾತು. ಇನ್ನೂ ಮೈನೆರೆಯದ ಹುಡುಗಿಯರಿಗೆ ಅಂಡಾಶಯದ ಚೂರನ್ನೇ ತೆಗೆದಿಡುವ ದಾರಿ ಇದೆ.

"ಮುಟ್ಟು ವಾಪಸ್ ಬಂತಲ್ಲ, ಇನ್ನೇನು ಚಿಂತೆ" ಅನ್ನುವವರೂ ಇದ್ದಾರೆ. ಮುಟ್ಟು ಬಂದರೂ ಅಂಡಾಣುಗಳು ತುಂಬ ಕಡಿಮೆ ಆಗಿರಬಹುದು. ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧಿ ತಗೊಂಡವರಲ್ಲಿ ಈ ಭಯ ಜಾಸ್ತಿ.

ಈಗ ನನ್ನ ಚೆಕ್‌ಲಿಸ್ಟಿನ ಮೇಲ್ಗಡೆ ಪೆನ್ನಿನಲ್ಲಿ ಒಂದು ಸಾಲು ಬರೆದುಕೊಂಡಿದ್ದೇನೆ: ಮಕ್ಕಳ ವಿಷಯ ಮಾತಾಡಿದ್ದಾರಾ? ಟಿಕ್ ಇಲ್ಲದಿದ್ದರೆ ಡ್ರಿಪ್ ಹಚ್ಚುವ ಮುಂಚೆ ಡಾಕ್ಟರಿಗೆ ಫೋನ್. ಮನೆಯವರನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸಿ, ಪೇಷಂಟನ್ನು ಒಬ್ಬರನ್ನೇ ಕೇಳುತ್ತೇನೆ. ವಯಸ್ಸು, ಮದುವೆ ನೋಡಿ ನಾನೇ ತೀರ್ಮಾನ ಮಾಡುವುದಿಲ್ಲ. ಮೊನ್ನೆ ಒಬ್ಬರು ನಕ್ಕುಬಿಟ್ಟರು: "ಮೂರಿವೆ ಸಿಸ್ಟರ್, ಬೇಕಿದ್ದರೆ ಒಂದನ್ನು ನೀವೇ ಇಟ್ಟುಕೊಳ್ಳಿ."

ಟಿಕ್ ಹಾಕಿದೆ.