ಮುರಕಲ್ಲಿನ ಪದವಿನಿಂದ ಘಟ್ಟದ ಬುಡಕ್ಕೆ

ನಮ್ಮ ಕಾಸರಗೋಡಿನ ಕಡೆಯಲ್ಲಿ ಬೈಕ್ ಎಂದರೆ ಮೋಟಾರು ಇರುವುದು, ತುಳಿಯುವುದೆಲ್ಲ ಸೈಕಲ್. ನನ್ನಲ್ಲಿ ಗ್ರಾವೆಲ್ ಬೈಕ್ ಇದೆ ಎಂದಾಗಲೆಲ್ಲ ಎದುರಿಗಿದ್ದವರು ಎಷ್ಟು ಮೈಲೇಜು ಎಂದು ಕೇಳುವುದರಿಂದ ಇಲ್ಲಿ ಅದನ್ನು ಗ್ರಾವೆಲ್ ಸೈಕಲ್ ಎಂದೇ ಬರೆಯುತ್ತೇನೆ. ರೇಸ್ ಸೈಕಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, 40 ಮಿಲಿಮೀಟರ್ ಅಗಲದ ಟಯರ್ ಇರುವ, ಡಾಮರಿನಲ್ಲಿ ತೀರ ಹಿಂದೆ ಬೀಳದೆ ಮಣ್ಣುದಾರಿಯಲ್ಲೂ ಹಿಡಿತ ಬಿಡದ ವಾಹನ ಅದು. ಮೂರು ಚಳಿಗಾಲ ಮುಳ್ಳೇರಿಯದ ಸುತ್ತಮುತ್ತ, ಅಲ್ಲಿಂದ ಮೂಡಣಕ್ಕೆ ಘಟ್ಟದ ಬುಡದವರೆಗೆ ಅದನ್ನು ತುಳಿದಿದ್ದೇನೆ. ಈ ಸೀಮೆಯಲ್ಲಿ ದಾರಿ ಆರಿಸುವಾಗ ನಕ್ಷೆಗಿಂತ ಮಣ್ಣು ಮುಖ್ಯ, ಮಣ್ಣಿಗಿಂತಲೂ ಅದು ಯಾವ ತಿಂಗಳು ಎಂಬುದು ಮುಖ್ಯ ಎಂದು ನನಗೆ ಅನ್ನಿಸಿದೆ.

ಹೊರದೇಶದ ವಿಡಿಯೋಗಳಲ್ಲಿ ಕಾಣುವ ಗ್ರಾವೆಲ್ ದಾರಿಗಳಿಗೆ ಸಾಮಾನ್ಯವಾಗಿ ಯಂತ್ರದಲ್ಲಿ ಒಡೆದ ಜಲ್ಲಿ ಹಾಸಿರುತ್ತಾರೆ. ಆ ಕಲ್ಲಿಗೆ ಮೂಲೆಗಳಿರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ಪದವುಗಳದ್ದು, ಅಂದರೆ ಗುಡ್ಡೆಯ ನೆತ್ತಿಯ ಬಯಲುಗಳದ್ದು, ಮುರಕಲ್ಲು. ಬ್ರಿಟಿಷರ ಕಾಲದ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪ್ಪುರದಲ್ಲಿ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 1807ರಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ಇದೇ ಕಲ್ಲಿಗೆ. ನೆಲದೊಳಗಿರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವುದು ಅದರ ಗುಣ. ಪದವಿನ ನೆತ್ತಿಯಲ್ಲಿ ಅದು ಸಿಮೆಂಟು ನೆಲದಂತೆ ಹಾಸಿಕೊಂಡಿರುತ್ತದೆ, ಸೈಕಲ್ ತೇಲಿದ ಹಾಗೆ ಹೋಗುತ್ತದೆ. ಇಳಿಜಾರಿನಲ್ಲಿ ಮಾತ್ರ ಅದು ಸವೆದು ಕಬ್ಬಿಣದ ಅಂಶವುಳ್ಳ, ಕಡಲೆ ಗಾತ್ರದ ಉರುಟು ಹರಳುಗಳಾಗಿ ಉದುರಿರುತ್ತದೆ. ಗೋಲಿಗಳ ಮೇಲೆ ಚಕ್ರ ಹೋದಂತೆ. ಮೊದಲ ವರ್ಷ ಅಂಥ ಒಂದು ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದು ಮೊಣಕೈಯ ಚರ್ಮ ಕಳಕೊಂಡೆ. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜರೊಬ್ಬರು ನಿಂತು ನೋಡಿ, "ಇಳಿದು ನೂಕಿಕೊಂಡು ಹೋಗುವ ಜಾಗ ಅದು ಮಗಾ, ನಾವು ಬರಿಗಾಲಲ್ಲೇ ಜಾರುತ್ತೇವೆ" ಎಂದರು. ಅಂದಿನಿಂದ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕು ಮುಟ್ಟದಿರುವುದನ್ನು ರೂಢಿಸಿಕೊಂಡೆ. ಟಯರಿನ ಗಾಳಿಯನ್ನೂ 50 ಪಿಎಸ್‌ಐನಿಂದ 35ಕ್ಕೆ ಇಳಿಸಿದೆ. ಟ್ಯೂಬ್ ಇಲ್ಲದ ಟಯರಾದರೆ ಮಾತ್ರ ಇಷ್ಟು ಕಡಿಮೆ ಗಾಳಿ ನಿಶ್ಚಿಂತೆಯದು, ಇಲ್ಲವಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಒಡೆಯುತ್ತದೆ.

ನಾನು ಹೆಚ್ಚು ಹೋಗುವುದು ಮುಳ್ಳೇರಿಯದಿಂದ ಆದೂರಿನ ಮೇಲಾಗಿ ಅಡೂರಿಗೆ. ಇವು ಎರಡು ಬೇರೆ ಬೇರೆ ಊರುಗಳು. ಇಂಗ್ಲಿಷಿನ ನಕ್ಷೆಯಲ್ಲಿ ಹೆಸರು ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುವುದರಿಂದ, ಒಂದು ಕಡೆ ಕಾಯುತ್ತೇವೆಂದ ಗೆಳೆಯರು ಇನ್ನೊಂದು ಕಡೆ ಕಾದದ್ದೂ ಉಂಟು. ಚೆರ್ಕಳ–ಜಾಲ್ಸೂರು ಹೆದ್ದಾರಿಯನ್ನು ಬಿಟ್ಟು ಎಡಬಲದ ಒಳದಾರಿಗಳಲ್ಲಿ ಹೊಕ್ಕು ಹೊರಟರೆ ಪದವು, ಗುಡ್ಡೆ, ಬೈಲು (ಗುಡ್ಡೆಗಳ ನಡುವಿನ ತಗ್ಗು), ಮತ್ತೆ ಗುಡ್ಡೆ ಎಂಬ ಕ್ರಮ ತಪ್ಪುವುದಿಲ್ಲ. ಕೊನೆಗೆ ಪಯಸ್ವಿನಿಯ ದಡದಲ್ಲಿ ಮಹಾಲಿಂಗೇಶ್ವರ ದೇವಸ್ಥಾನ ಸಿಗುತ್ತದೆ. ಬೈಲಿಗೆ ಇಳಿದಾಗ ಅಡಿಕೆ ತೋಟದ ಅಂಚಿನ ದಾರಿ ಅಲ್ಲಲ್ಲಿ ತೋಡು, ಅಂದರೆ ಸಣ್ಣ ಹಳ್ಳ, ದಾಟುತ್ತದೆ. ಸಂಕ (ಕಾಲುಸೇತುವೆ) ಇದ್ದರೆ ಸೈಕಲನ್ನು ಹೆಗಲಿಗೇರಿಸಬೇಕು, ಇಲ್ಲವಾದರೆ ನೀರಿಗಿಳಿಯಬೇಕು.

ಈ ತೋಡುಗಳು ನನಗೆ ಕಲಿಸಿದ್ದು ಸ್ವಲ್ಪ ವಿಚಿತ್ರವಾದ ಪಾಠ. ಮಳೆ ನಿಂತು ದಿನ ಕಳೆದಂತೆ ನೀರು ಇಳಿಯಬೇಕಷ್ಟೆ. ಆದರೆ ನವೆಂಬರಿನಲ್ಲಿ ಮೊಣಕಾಲು ಮುಳುಗದೆ ದಾಟಿದ ಜಾಗದಲ್ಲಿ ಜನವರಿಗೆ ಸೊಂಟದವರೆಗೆ ನೀರಿತ್ತು. ಕೆಳಗಡೆ ಕೃಷಿಕರೆಲ್ಲ ಸೇರಿ ಕಟ್ಟ ಹಾಕಿದ್ದರು. ಬೇಸಗೆಗೆ ತೋಟಕ್ಕೂ ಬಾವಿಗೂ ನೀರು ಉಳಿಯಲೆಂದು ಕಲ್ಲು ಮಣ್ಣಿನಿಂದ ಪ್ರತಿವರ್ಷ ಕಟ್ಟಿ, ಮಳೆಗಾಲಕ್ಕೆ ಮುಂಚೆ ಬಿಡಿಸುವ ಈ ಕಟ್ಟಗಳು ಏತಡ್ಕ, ನೀರ್ಚಾಲು ಕಡೆಗಳಲ್ಲಿ ಇಂದಿಗೂ ಇವೆ. ಹೀಗಾಗಿ ದಾಟುವ ಜಾಗ ಕಟ್ಟದ ಮೇಲ್ಗಡೆಯೋ ಕೆಳಗಡೆಯೋ ಎಂಬುದನ್ನು ತೋಟದವರಲ್ಲಿ ಕೇಳಿಯೇ ಹೊರಡುವುದು ಒಳ್ಳೆಯದು. ಕೆಳಗಡೆಯಾದರೆ ಚಪ್ಪಲಿಯೂ ಒದ್ದೆಯಾಗದು. ಕೆಲವು ಕಟ್ಟಗಳ ಮೇಲೆ ನಡೆಯಬಹುದಾದರೂ ಸೈಕಲ್ ಓಡಿಸಿ ಅದರ ಮಣ್ಣು ಸಡಿಲಿಸುವುದು ಸರಿಯಲ್ಲ.

ಬೆಳ್ಳೂರು, ಕುಂಬ್ಡಾಜೆ, ಎಣ್ಮಕಜೆಗಳ ಕಡೆಗೆ ತಿರುಗಿದರೆ ಗೇರು ಗುಡ್ಡೆಗಳ ನಡುವಿನ ಜೀಪು ದಾರಿಗಳಿವೆ. ಸವಾರಿಯ ದೃಷ್ಟಿಯಿಂದ ಜಿಲ್ಲೆಯಲ್ಲೇ ಉತ್ತಮವಾದ ದಾರಿಗಳವು: ಅಗಲ ಸಾಕಷ್ಟು, ಏರು ಹದವಾದದ್ದು, ನೆರಳೂ ಇದೆ. ಆದರೆ ಅಲ್ಲಿ ಸೈಕಲ್ ತುಳಿಯುವಾಗ ನನ್ನ ಮನಸ್ಸು ಹಗುರವಾಗಿರುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ಈ ಗುಡ್ಡೆಗಳ ಮೇಲೆಯೇ, ಇಲ್ಲಿಂದ ಇಳಿದ ನೀರನ್ನು ಕುಡಿದದ್ದು ಕೆಳಗಿನ ಬೈಲಿನ ಮನೆಗಳವರು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಅಂಥ ಮನೆಗಳ ಅಂಗಳದ ಬದಿಯಿಂದ ಹೋಗುವಾಗ ನಾನು ಗಂಟೆ ಬಾರಿಸುವುದಿಲ್ಲ, ಫೋಟೋ ತೆಗೆಯುವುದೂ ಇಲ್ಲ.

ಮೂಡಣಕ್ಕೆ, ಬಂದಡ್ಕ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಮುರಕಲ್ಲು ಕಡಿಮೆಯಾಗಿ ಕರಿಬಂಡೆಯೂ ಕಪ್ಪು ಮಣ್ಣೂ ಕಾಣಿಸುತ್ತವೆ, ಅಡಿಕೆಯ ಜಾಗಕ್ಕೆ ರಬ್ಬರು ಬರುತ್ತದೆ, ಅಂಗಡಿಯ ಮಾತು ಕನ್ನಡ ತುಳುಗಳಿಂದ ಮಲಯಾಳಕ್ಕೆ ಹೊರಳುತ್ತದೆ. ನಂದಾರಪದವಿನಿಂದ ಪಾರಶ್ಶಾಲದವರೆಗೆ ಯೋಜಿಸಿದ ಮಲೆನಾಡು ಹೆದ್ದಾರಿ ಈ ಕಡೆಯಿಂದಲೇ ಹೋಗುವುದರಿಂದ ಸುಸ್ತಾದವರು ಅದನ್ನು ಹಿಡಿದು ಮರಳಬಹುದು. ಇಲ್ಲಿಯ ಏರುಗಳು ಕೆಲವೆಡೆ 100 ಮೀಟರಿಗೆ 15 ಮೀಟರಿನಷ್ಟು ಕಡಿದಾಗಿರುವುದರಿಂದ ನಾನು ಮುಂದೆ 40, ಹಿಂದೆ 42 ಹಲ್ಲಿನ ಗಿಯರ್ ಹಾಕಿಸಿದ್ದೇನೆ; ಆದರೂ ನೂಕಿದ್ದೇ ಹೆಚ್ಚು. ಕಾರಡ್ಕ, ದೇಲಂಪಾಡಿ ಪಂಚಾಯತುಗಳಲ್ಲಿ ಕಾಡಾನೆಗಳ ಹಾವಳಿ ಇದ್ದು, ತೂಗುವ ಸೌರಬೇಲಿ ಹಾಕಿದ ಕಡೆಗಳೂ ಇವೆ. ಕಾಡಂಚಿನ ದಾರಿಯಾದರೆ ಏಳು ಗಂಟೆಗೆ ಮೊದಲು ಹೊರಡುವುದಿಲ್ಲ, ಸಂಜೆ ಐದಕ್ಕೆ ಮುಖ್ಯರಸ್ತೆಯಲ್ಲಿರುತ್ತೇನೆ. ಗೂಡಂಗಡಿಯವರು "ಇವತ್ತು ಆ ಕಡೆ ಬೇಡ ಅಣ್ಣಾ" ಎಂದರೆ ಎರಡನೆಯ ಮಾತಿಲ್ಲದೆ ಹಿಂತಿರುಗುತ್ತೇನೆ. ಅನುಮತಿಯಿಲ್ಲದೆ ರಕ್ಷಿತಾರಣ್ಯದ ಒಳಗೆ ಹೋಗುವುದು ಹೇಗೂ ಅಪರಾಧ. ಸುಮಾರು 750 ಮೀಟರ್ ಎತ್ತರದ ರಾಣಿಪುರಕ್ಕೂ ಡಾಮರು ಮುಗಿಯುವವರೆಗೆ ಮಾತ್ರ ಸೈಕಲ್, ಮುಂದಿನ ಹುಲ್ಲುಬೆಟ್ಟಕ್ಕೆ ಅರಣ್ಯ ಇಲಾಖೆಯ ಟಿಕೇಟು ಪಡೆದು ಕಾಲ್ನಡಿಗೆ.

ಕಾಲದ ವಿಷಯಕ್ಕೆ ಬಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತಮ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಜೂನಿನಲ್ಲಿ ಮುರಕಲ್ಲಿನ ಮೇಲೆ ಕಟ್ಟುವ ಪಾಚಿ ಸಾಬೂನಿಗಿಂತ ಜಾರು. ಓಣಂ ಹೊತ್ತಿಗೆ ಪದವಿನ ತಗ್ಗುಗಳಲ್ಲಿ ಮಲಯಾಳಿಗಳು ಕಾಕ್ಕಪ್ಪೂ ಎನ್ನುವ ನೀಲಿ ಹೂ ಅರಳಿರುತ್ತದೆ, ಅದನ್ನು ನೋಡಲು ಸೈಕಲನ್ನು ಬದಿಗಿಟ್ಟು ನಡೆದೇ ಹೋಗಬೇಕು. ಬೇಸಗೆಯ ಕೆಂಪು ಧೂಳು ಚೈನಿನ ಎಣ್ಣೆಯೊಂದಿಗೆ ಸೇರಿದರೆ ಉಪ್ಪುಕಾಗದದಂತೆ ಹಲ್ಲುಗಳನ್ನು ತಿನ್ನುತ್ತದೆ, ಪ್ರತಿ ಸವಾರಿಯ ನಂತರ ಒರೆಸಲೇಬೇಕು.

ನನಗೆ ತುಂಬ ಇಷ್ಟವಾದ ಒಂದು ಇಳಿಜಾರಿಗೆ ಕಳೆದ ವರ್ಷ ಪಂಚಾಯತಿನವರು ಕಾಂಕ್ರೀಟು ಹಾಕಿದರು. ನನಗೆ ಬೇಸರವಾದದ್ದು ನಿಜ. ಅದರ ತುದಿಯ ಮನೆಯ ಅಕ್ಕ ಎಳನೀರಿನ ಬೊಂಡ ಕೆತ್ತಿ ಕೊಡುತ್ತ, ಮಳೆಗಾಲದಲ್ಲಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ರಸ್ತೆಗೆ ತಂದದ್ದನ್ನು ಹೇಳಿದರು. ಈಗ ರಿಕ್ಷಾ ಅಂಗಳಕ್ಕೇ ಬರುತ್ತದಂತೆ. ಜೂನಿನಿಂದ ಸೆಪ್ಟೆಂಬರಿನವರೆಗೆ, ಬೇರೆಲ್ಲ ಗುಡ್ಡೆಯ ದಾರಿಗಳಲ್ಲಿ ಪಾಚಿ ಕಟ್ಟಿರುವಾಗ, ನಾನೂ ಈಗ ಅದೇ ಕಾಂಕ್ರೀಟಿನ ಮೇಲೆ ಹತ್ತಿಳಿಯುತ್ತೇನೆ.