ಬಲ್ಬು ಹಾಕಿದರೆ ಮೋಟಾರ್ ಯಾಕೆ ನಿಧಾನವಾಗುತ್ತೆ?

ಕಂಟ್ರೋಲ್ ಸಿಸ್ಟಮ್ಸ್, ಅಂದರೆ ಯಂತ್ರಗಳನ್ನು ಹತೋಟಿಯಲ್ಲಿಡುವ ಪಾಠ, ಬರೀ ಲೆಕ್ಕ ಅನ್ನುವ ಮಾತು ನಮ್ಮ ಹಾಸ್ಟೆಲಿನಲ್ಲಿತ್ತು. ಲ್ಯಾಪ್ಲಾಸ್ ಟೇಬಲ್ (ಸಮೀಕರಣ ಬಿಡಿಸುವ ಸೂತ್ರಗಳ ಪಟ್ಟಿ) ಬಾಯಿಪಾಠ ಮಾಡು, ಪಾಸಾಗ್ತೀಯ ಅಂತ ಸೀನಿಯರ್‌ಗಳು ಹೇಳುತ್ತಿದ್ದರು. ನಮ್ಮ ಸರ್ ಮಾತ್ರ ಶುರುವಿನಲ್ಲಿ ಲ್ಯಾಪ್ಲಾಸ್ ಹೆಸರೇ ಎತ್ತಲಿಲ್ಲ. ಯಾವ ಯಂತ್ರ ತೋರಿಸಿದರೂ ಅವರದು ಒಂದೇ ಪ್ರಶ್ನೆ: "ಇದರಲ್ಲಿ ಶಕ್ತಿ ಎಲ್ಲೆಲ್ಲಿ ಸೇರ್ಕೊಂಡಿದೆ, ಹೇಳಿ ನೋಡೋಣ." ತಿರುಗುವ ಚಕ್ರದಲ್ಲಿ, ಎಳೆದ ಸ್ಪ್ರಿಂಗಿನಲ್ಲಿ, ಕರೆಂಟ್ ಹರಿಯುವ ಕಾಯಿಲಿನಲ್ಲಿ, ಎತ್ತರದ ಟ್ಯಾಂಕಿನ ನೀರಿನಲ್ಲಿ. ಅದನ್ನು ಗುರುತಿಸಿದರೆ ಎಷ್ಟು ಸಮೀಕರಣ ಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತಿತ್ತು.

ಲ್ಯಾಬಿನಲ್ಲಿ ಒಂದು ಡಿಸಿ ಮೋಟಾರ್ ಇತ್ತು. ಅದರ ಶಾಫ್ಟಿಗೆ ಜನರೇಟರ್, ಜನರೇಟರಿಗೆ ಸಾಲು ಬಲ್ಬುಗಳು. 1500 ಆರ್‌ಪಿಎಂನಲ್ಲಿ ಓಡುತ್ತಿದ್ದ ಮೋಟಾರ್, ಬಲ್ಬು ಹಾಕುತ್ತಿದ್ದ ಹಾಗೆ, ಜನರೇಟರ್ ತಿರುಗಿಸುವ ಭಾರ ಹೆಚ್ಚಿ, ದನಿ ಇಳಿಸಿ ನಿಧಾನವಾಗುತ್ತಿತ್ತು. ವೇಗ ಅಳೆದು, ಬೇಕಾದ ವೇಗಕ್ಕೆ ಹೋಲಿಸಿ, ಕೊರತೆಗೆ ತಕ್ಕಷ್ಟು ವೋಲ್ಟೇಜ್ ಏರಿಸುವಂತೆ ಮಾಡಿದೆವು. ಸುಧಾರಿಸಿತು, ಆದರೆ ಪೂರ್ತಿ 1500ಕ್ಕೆ ಬರಲಿಲ್ಲ. ಯಾಕೆ ಅಂತ ಸರ್ ನಮ್ಮಿಂದಲೇ ಹೇಳಿಸಿದರು. ಕೊರತೆ ಇದ್ದರೆ ತಾನೇ ಹೆಚ್ಚುವರಿ ವೋಲ್ಟೇಜ್? ಕೊರತೆ ಸೊನ್ನೆಯಾದ ಕ್ಷಣ ಅದೂ ಸೊನ್ನೆ, ಬಲ್ಬಿನ ಭಾರ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಸ್ವಲ್ಪ ಕೊರತೆ ಉಳಿಯಲೇಬೇಕು. ಗೇನ್, ಅಂದರೆ ಇಷ್ಟು ಕೊರತೆಗೆ ಇಷ್ಟು ವೋಲ್ಟೇಜ್ ಅನ್ನುವ ಅನುಪಾತ, ಏರಿಸಿದರೆ ಕೊರತೆ ಕುಗ್ಗಿತು, ಜಾಸ್ತಿ ಏರಿಸಿದರೆ ಮೋಟಾರ್ ಏರುತ್ತ ಇಳಿಯುತ್ತ ತೂಗಾಡಿತು. ಆಮೇಲೆ ಇಂಟಿಗ್ರಲ್ ಸೇರಿಸಿದೆವು. ಅದು ಹಳೆಯ ಕೊರತೆಗಳನ್ನೆಲ್ಲ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಈಗ ಕೊರತೆ ಸೊನ್ನೆಯಾದರೂ ವೋಲ್ಟೇಜ್ ಬಿಟ್ಟುಕೊಡುವುದಿಲ್ಲ. ಮುಳ್ಳು ಮೆಲ್ಲಗೆ ಮೇಲೆ ಬಂದು 1500ರಲ್ಲಿ ನಿಂತಾಗ ಬ್ಯಾಚಿನವರೆಲ್ಲ ಚಪ್ಪಾಳೆ ತಟ್ಟಿದೆವು.

ಆ ತೂಗಾಟ ಹಳೆಯ ತೊಂದರೆ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಯಂತ್ರಕ್ಕೆ, ವೇಗವನ್ನು ತಾನಾಗಿಯೇ ಹಿಡಿದಿಡುವ ಗುಂಡುಗಳ ಗವರ್ನರ್ ಕೂರಿಸಿದ. ಮುಂದೆ ಬಂದ ಎಷ್ಟೋ ಗವರ್ನರ್‌ಗಳು ವೇಗ ಹಿಡಿದಿಡುವ ಬದಲು ಯಂತ್ರವನ್ನೇ ತೂಗಾಡಿಸುತ್ತಿದ್ದವು. 1868ರಲ್ಲಿ ಮ್ಯಾಕ್ಸ್‌ವೆಲ್ ಅದರ ಸಮೀಕರಣ ಬರೆದು, ಬೇರುಗಳ (ಅಂದರೆ ಆ ಸಮೀಕರಣದ ಉತ್ತರಗಳ) ವಾಸ್ತವ ಭಾಗ ಋಣವಾಗಿದ್ದರೆ ಮಾತ್ರ ತೂಗಾಟ ಸಾಯುತ್ತದೆ ಅಂತ ತೋರಿಸಿದ. ವಿದ್ಯುತ್ಕಾಂತದ ಮ್ಯಾಕ್ಸ್‌ವೆಲ್, ಅವನೇ.

ಟೂರಿನಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಹೋದೆವು. 103.5 ಮೆಗಾವ್ಯಾಟಿನ ಹತ್ತು ಯಂತ್ರಗಳು, ಎಲ್ಲ ನೀರಿನ ಧಾರೆ ಬಡಿದು ತಿರುಗುವ ಪೆಲ್ಟನ್ ಚಕ್ರಗಳು. ಲೋಡ್ ದಿಢೀರನೆ ಹೋದರೆ ಪೆಲ್ಟನ್‌ನಲ್ಲಿ ನೀರನ್ನು ತಕ್ಷಣ ನಿಲ್ಲಿಸುವುದಿಲ್ಲ. ಡಿಫ್ಲೆಕ್ಟರ್ ನೀರಿನ ಧಾರೆಯನ್ನು ಚಕ್ರದಿಂದ ಪಕ್ಕಕ್ಕೆ ತಿರುಗಿಸುತ್ತದೆ, ನಾಝಲಿನ ಸೂಜಿ ಆಮೇಲೆ ನಿಧಾನವಾಗಿ ಮುಚ್ಚುತ್ತದೆ. ಬೇಗ ಮುಚ್ಚಿದರೆ ಓಡುತ್ತಿರುವ ಅಷ್ಟೂ ನೀರು ಪೆನ್‌ಸ್ಟಾಕಿಗೆ, ಅಂದರೆ ನೀರು ತರುವ ದೊಡ್ಡ ಕೊಳವೆಗೆ, ಗುದ್ದುತ್ತದೆ. ಸರ್ ಕೇಳುತ್ತಿದ್ದ ಪ್ರಶ್ನೆಗೆ ಇನ್ನೊಂದು ಉತ್ತರ ಅಲ್ಲಿತ್ತು: ಶಕ್ತಿ ಕೊಳವೆಯೊಳಗೆ ಓಡುವ ನೀರಿನಲ್ಲೂ ಇದೆ.

ಈಗ ನಾನು ಮಾಡುವುದು ಗವರ್ನರ್ ಟ್ಯೂನ್ ಮಾಡುವ ಕೆಲಸವೇ. ಹೊಸಬರಿಗೆ ತುಂಬ ಅಚ್ಚರಿ ತರುವ ಸಂಗತಿ ಒಂದಿದೆ. ಗ್ರಿಡ್ಡಿನಲ್ಲಿ ಲೋಡ್ ಏರಿ ಫ್ರೀಕ್ವೆನ್ಸಿ 50 ಹರ್ಟ್ಝ್‌ನಿಂದ ಇಳಿಯಿತು ಅಂದುಕೊಳ್ಳಿ. ಟರ್ಬೈನಿಗೆ ನೀರು ಬಿಡುವ ಗೇಟ್ ತೆರೆದ ಕೂಡಲೇ ಪವರ್ ಏರಬೇಕು, ಅಲ್ವಾ? ಇಲ್ಲ, ಮೊದಲು ಇಳಿಯುತ್ತದೆ! ಉದ್ದ ಕೊಳವೆಯ ನೀರು ಒಮ್ಮೆಲೇ ವೇಗ ಪಡೆಯಲಾರದು. ದಾರಿ ಅಗಲವಾದರೂ ಹರಿವು ಅಷ್ಟೇ, ಟರ್ಬೈನಿನ ಬಾಯಲ್ಲಿ ಒತ್ತಡ ಮಾತ್ರ ಬಿದ್ದುಹೋಗುತ್ತದೆ. ನೀರು ವೇಗ ಹಿಡಿದ ಮೇಲೇ ಪವರ್ ಏರುವುದು. ಇದು ಗೊತ್ತಿಲ್ಲದ ಗವರ್ನರ್ ಪವರ್ ಸಾಲದು ಅಂತ ಗೇಟನ್ನು ಇನ್ನೂ ತೆರೆಯುತ್ತದೆ, ತೂಗಾಟ ಶುರುವಾಗುತ್ತದೆ. ಅದಕ್ಕೇ ಜಲವಿದ್ಯುತ್ ಗವರ್ನರಿನಲ್ಲಿ ಮೊದಲ ಕೆಲವು ಸೆಕೆಂಡ್ ಗೇನ್ ಬೇಕೆಂದೇ ಕಡಿಮೆ ಇಡುತ್ತೇವೆ.

ಆ ಬಲ್ಬು ಸಾಲಿನ ಸೆಟ್ಟನ್ನು ಹಳೆಯದಾಯಿತು ಅಂತ ತೆಗೆಯಬೇಡಿ ಎಂದು ಕಾಲೇಜಿನವರಲ್ಲಿ ಕೇಳಿಕೊಳ್ಳುತ್ತೇನೆ. ಕಂಪ್ಯೂಟರಿನ ಸಿಮ್ಯುಲೇಶನ್ ಇರಲಿ, ಬೇಕು. ಆದರೆ ಮೋಟಾರ್ ದನಿ ಇಳಿಸುವುದನ್ನು ಮಕ್ಕಳು ಮೊದಲು ಕಿವಿಯಾರೆ ಕೇಳಲಿ. ಸೆಟ್ ರಿಪೇರಿಯ ಖರ್ಚು ಕೊಡಲು ನಮ್ಮ ಬ್ಯಾಚ್ ಸಿದ್ಧವಿದೆ.