ಸರ್ಪಸುತ್ತು ಮಾಗಿದ ಮೇಲೂ ಉಳಿಯುವ ನೋವು

ನಮ್ಮ ಸೋದರತ್ತೆಗೆ ಎದೆಯ ಎಡಭಾಗದಲ್ಲಿ ಎದ್ದಿದ್ದ ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳೇ ಕಳೆದಿದ್ದರೂ, ಸೀರೆಯ ಸೆರಗು ತಗುಲಿದರೆ ಸಾಕು, ಕೆಂಡ ಸೋಕಿದಂತೆ ಉರಿಯುತ್ತದೆ. ಚಿಕನ್‌ಪಾಕ್ಸ್ ತಂದ ವೈರಾಣು ದೇಹವನ್ನು ಬಿಟ್ಟು ಹೋಗದೆ ನರಗಂಟುಗಳಲ್ಲಿ ದಶಕಗಳ ಕಾಲ ಸುಪ್ತವಾಗಿದ್ದು, ರೋಗನಿರೋಧಕ ಶಕ್ತಿ ಕುಗ್ಗಿದಾಗ ನರದ ಗುಂಟ ಚರ್ಮಕ್ಕೆ ಬರುತ್ತದೆ. ಆಗ ನರಕ್ಕೇ ಆಗುವ ಗಾಯವು ಗುಳ್ಳೆ ಮಾಗಿದ ಬಳಿಕವೂ ಉಳಿಯಬಹುದು. ಮೂರು ತಿಂಗಳು ಮೀರಿದ ಇಂಥ ನೋವನ್ನು ವೈದ್ಯರು ಪೋಸ್ಟ್‌ಹರ್ಪಿಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಸಾಮಾನ್ಯ ನೋವಿನ ಮಾತ್ರೆಗಳಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲವಾದ್ದರಿಂದ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂತಹ ಔಷಧಗಳನ್ನು ಕೊಡುತ್ತಾರೆ. ಅತ್ತೆಗೆ ಅವುಗಳಿಂದ ನಿದ್ದೆಯಾದರೂ ಬರುತ್ತಿದೆ.

ವೈರಾಣು ಮುಖದ ನರವನ್ನು ಹಿಡಿದರೆ ಕಿವಿಯಲ್ಲಿ ಗುಳ್ಳೆಗಳೆದ್ದು, ಮುಖದ ಒಂದು ಪಾರ್ಶ್ವ ಸೋತು, ಕೆಲವರಿಗೆ ಕಿವಿ ಮಂದವಾಗಿ ತಲೆಸುತ್ತೂ ಬರುತ್ತದೆ. 1907ರಲ್ಲಿ ಅಮೆರಿಕದ ನರತಜ್ಞ ಜೇಮ್ಸ್ ರಾಮ್ಸೇ ಹಂಟ್ ವಿವರಿಸಿದ ಈ ತೊಂದರೆಯೇ 2022ರಲ್ಲಿ ಗಾಯಕ ಜಸ್ಟಿನ್ ಬೀಬರ್‌ಗೆ ಬಂದಿತ್ತು. ಹಣೆ ಮತ್ತು ಮೂಗಿನ ತುದಿಯ ಗುಳ್ಳೆಗಳನ್ನಂತೂ ಕಣ್ಣಿನ ವೈದ್ಯರಿಗೆ ತಡಮಾಡದೆ ತೋರಿಸಬೇಕು. ದೃಷ್ಟಿ ಹೋಗುವ ಅಪಾಯವಲ್ಲದೆ, ಮುಂದಿನ ವಾರ, ತಿಂಗಳುಗಳಲ್ಲಿ ಪಾರ್ಶ್ವವಾಯುವಿನ ಸಾಧ್ಯತೆಯೂ ಹೆಚ್ಚುತ್ತದೆ. ಮಿದುಳಿನ ಉರಿಯೂತ ಅಪರೂಪ.

ಸುತ್ತಿನ ತಲೆ ಮತ್ತು ಬಾಲ ಕೂಡಿದರೆ ಸಾವು ಎಂಬ ಹೆದರಿಕೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ನನಗೆ ಅದಕ್ಕಿಂತ ಚಿಂತೆಯಾಗುವುದು ಕೆಮ್ಮಣ್ಣು ಹಚ್ಚಿಸಿಕೊಂಡು ಕಾಯುವ ದಿನಗಳದ್ದು, ಏಕೆಂದರೆ ವೈರಾಣುವನ್ನು ತಡೆಯುವ ಅಸೈಕ್ಲೊವಿರ್ ಅಥವಾ ವ್ಯಾಲಸೈಕ್ಲೊವಿರ್ ಮಾತ್ರೆಗಳನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸುವುದು ಉತ್ತಮ. 50 ದಾಟಿದವರಿಗೆ ಎರಡು ಡೋಸ್‌ಗಳ ಲಸಿಕೆ ಭಾರತದಲ್ಲಿಯೂ ದೊರೆಯುತ್ತದೆ, ಬೆಲೆ ಮಾತ್ರ ದುಬಾರಿ.